ಆಳದ ಸಿಗ್ನಲ್ ಗುರುತಿಸುವುದು ಹೇಗೆ? ಮೆಟಲ್ ಡಿಟೆಕ್ಟಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಇಂಗ್ಲೆಂಡಿನ ಸಫೋಕ್‌ನಲ್ಲಿ. ಸುಗ್ಗಿ ಮುಗಿದು ಹೊಲದಲ್ಲಿ ಬಾರ್ಲಿ ಕೂಳೆ ಮಾತ್ರ ಉಳಿದಾಗ, ಹೊಲದ ಯಜಮಾನರ ಒಪ್ಪಿಗೆ ಪಡೆದು ಡಿಟೆಕ್ಟರ್ ಹಿಡಿದು ಹೋಗುತ್ತೇನೆ. ಇಲ್ಲಿನ ಕನ್ನಡ ಗೆಳೆಯರಲ್ಲಿ ಇಬ್ಬರು ಮೂವರಿಗೆ ಈಗ ಇದೇ ಹವ್ಯಾಸ ಹತ್ತಿದೆ. ಸುತ್ತಿ ಬಳಸಿ ಎಲ್ಲರೂ ಕೇಳುವುದು ಒಂದನ್ನೇ: ಮೇಲ್ಮಣ್ಣಿನಲ್ಲಿ ಇರುವುದು ಹೇಗೋ ಸಿಗುತ್ತದೆ, ಆಳದಲ್ಲಿ ಇರುವುದನ್ನು ಗುರುತಿಸುವುದು ಹೇಗೆ? ಫೋನಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಆಳ ಅಂದರೆ ಎಷ್ಟು ಆಳ?

ಜನ ಮೂರು ಅಡಿ, ನಾಲ್ಕು ಅಡಿ ಅಂದುಕೊಳ್ಳುತ್ತಾರೆ. ಅಷ್ಟೆಲ್ಲ ಇಲ್ಲ. ಇಲ್ಲಿ ನಾವು ಹುಡುಕುವ ಒಂದು ಸಾಮಾನ್ಯ ವಸ್ತು ತಗೊಳ್ಳಿ, ಒಂದನೇ ಎಡ್ವರ್ಡ್ ಕಾಲದ ಬೆಳ್ಳಿ ಪೆನ್ನಿ. ಸುತ್ತಿಗೆಯಲ್ಲಿ ಬಡಿದು ಅಚ್ಚು ಹಾಕಿದ ನಾಣ್ಯ, ಸುಮಾರು 19 ಮಿಲಿಮೀಟರ್ ಅಗಲ, ತೂಕ ಒಂದೂವರೆ ಗ್ರಾಮಿಗೂ ಕಡಿಮೆ. ಇಂಥದ್ದು ಒಂದು ಗೇಣು ಆಳದಲ್ಲಿದ್ದರೆ, ಅಂದರೆ 20ರಿಂದ 25 ಸೆಂಟಿಮೀಟರ್, ಒಳ್ಳೆಯ ಮೆಷಿನ್‌ಗೂ ಅದು ಆಳವೇ. ತಾಮ್ರದ ದೊಡ್ಡ ಬಿಲ್ಲೆ ಇನ್ನೂ ಸ್ವಲ್ಪ ಕೆಳಗಿದ್ದರೂ ಕೇಳಿಸುತ್ತದೆ. ಬಕೆಟ್ ಗಾತ್ರದ ಲೋಹ ಇನ್ನೂ ಕೆಳಗಿನಿಂದ ಕೂಗುತ್ತದೆ. ಹಾಗಾಗಿ ಆಳ ಅನ್ನೋದು ಸೆಂಟಿಮೀಟರ್ ಲೆಕ್ಕ ಅಲ್ಲ. ಆ ವಸ್ತುವಿಗೆ ನಿಮ್ಮ ಮೆಷಿನ್ ಎಷ್ಟು ದೂರ ತಲುಪುತ್ತದೋ ಅದರ ಅಂಚು.

ಆ ಅಂಚಿನಲ್ಲಿ ಸಿಗ್ನಲ್ ಯಾಕೆ ಅಷ್ಟು ಬೇಗ ಸತ್ತು ಹೋಗುತ್ತದೆ?

ಕಾಯಿಲ್‌ನಿಂದ, ಅಂದರೆ ಡಿಟೆಕ್ಟರ್ ಕೋಲಿನ ತುದಿಯಲ್ಲಿರುವ ತಟ್ಟೆಯಿಂದ, ಹೊರಟ ಕಾಂತಕ್ಷೇತ್ರ ಕೆಳಗೆ ಹೋಗುತ್ತಾ ದುರ್ಬಲವಾಗುತ್ತದೆ. ನಾಣ್ಯದಲ್ಲಿ ಅದು ಹುಟ್ಟಿಸುವ ಸಣ್ಣ ಕರೆಂಟು ವಾಪಸ್ ಒಂದು ಕ್ಷೇತ್ರ ಕಳಿಸುತ್ತದಲ್ಲ, ಅದೂ ಮೇಲೆ ಬರುತ್ತಾ ದುರ್ಬಲವಾಗುತ್ತದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನಷ್ಟ. ಸಣ್ಣ ವಸ್ತು ಕಾಯಿಲ್‌ನಿಂದ ಸಾಕಷ್ಟು ದೂರ ಇದ್ದಾಗ, ಆಳ ಎರಡು ಪಟ್ಟಾದರೆ ವಾಪಸ್ ಬರುವ ಸಿಗ್ನಲ್ ಹೆಚ್ಚುಕಡಿಮೆ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಈ ಒಂದು ಲೆಕ್ಕ ತಲೆಯಲ್ಲಿಟ್ಟುಕೊಂಡರೆ ಕೆಳಗಿನ ಅರ್ಧಕ್ಕರ್ಧ ಉತ್ತರ ತಾನಾಗಿಯೇ ಹೊಳೆಯುತ್ತದೆ. ಕಾಯಿಲನ್ನು ನೆಲದಿಂದ ಎರಡು ಇಂಚು ಮೇಲೆ ಹಿಡಿದು ಬೀಸಿದರೆ ಎಷ್ಟು ಕಳೆದುಕೊಳ್ಳುತ್ತೀರಿ ಅಂತ ನೀವೇ ಯೋಚಿಸಿ.

ಆಳದ ಸಿಗ್ನಲ್ ಕಿವಿಗೆ ಹೇಗೆ ಕೇಳಿಸುತ್ತದೆ?

ನಿಮ್ಮದೇ ಅಡುಗೆಮನೆಯಲ್ಲಿ ಕುಕ್ಕರ್ ಕೂಗುವುದು ಒಂದು ಥರ. ನಾಲ್ಕು ಮನೆ ಆಚೆ ಕುಕ್ಕರ್ ಕೂಗುವುದು ಇನ್ನೊಂದು ಥರ. ಶ್ರುತಿ ಅದೇ, ಆದರೆ ದೂರ. ಆಳದ ಸಿಗ್ನಲ್ ಹಾಗೇ. ಮೇಲಿರುವ ನಾಣ್ಯ "ಟಿಂಗ್" ಅಂತ ಚೂಪಾಗಿ ಶುರುವಾಗಿ ಚೂಪಾಗಿ ಮುಗಿಯುತ್ತದೆ. ಆಳದ್ದಕ್ಕೆ ಆ ಚೂಪು ಅಂಚು ಇರಲ್ಲ. ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ, ಎಷ್ಟೋ ಸಲ ನೀವು ಕೇಳಿದಿರೋ ಅಥವಾ ಕೇಳಿದ ಹಾಗಾಯಿತೋ ಅಂತಲೇ ಅನುಮಾನ ಬರುತ್ತದೆ. ಆ ಅನುಮಾನ ಬಂದ ಜಾಗದಲ್ಲೇ ನಿಲ್ಲಬೇಕು, ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ನಿಮ್ಮ ಮೆಷಿನ್‌ನಲ್ಲಿ ಥ್ರೆಶೋಲ್ಡ್ ಇದ್ದರೆ, ಅಂದರೆ ಹಿಂದೆ ಸದಾ ಗುಂಯ್ ಅನ್ನುವ ಸಣ್ಣ ಸದ್ದು, ಅದನ್ನು ತಂಬೂರಿ ಶ್ರುತಿ ಅಂದುಕೊಳ್ಳಿ. ಹಾಡು ಶುರುವಾಗುವ ಮೊದಲೇ ಶ್ರುತಿಯಲ್ಲಿ ಆದ ಸಣ್ಣ ವ್ಯತ್ಯಾಸ ಕಿವಿಗೆ ಬೀಳುತ್ತದಲ್ಲ, ಹಾಗೆ ತುಂಬ ಆಳದ ವಸ್ತು ಸದ್ದು ಮಾಡುವ ಬದಲು ಈ ಗುಂಯ್ ಅನ್ನೇ ಒಂದು ಚೂರು ಎತ್ತುತ್ತದೆ ಅಥವಾ ಮುರಿಯುತ್ತದೆ.

ಇನ್ನು ಮುಖ್ಯವಾದ ಗುಣ, ಅದು ಮತ್ತೆ ಮತ್ತೆ ಬರಬೇಕು. ಎಡದಿಂದ ಬಲಕ್ಕೆ ಬೀಸಿದಾಗಲೂ, ಬಲದಿಂದ ಎಡಕ್ಕೆ ಬೀಸಿದಾಗಲೂ, ಅದೇ ಜಾಗದಲ್ಲಿ. ಹತ್ತು ಬೀಸಿನಲ್ಲಿ ಹತ್ತೂ ಬರಬೇಕಿಲ್ಲ. ಆರೇಳು ಬಂದರೂ, ಬಂದದ್ದೆಲ್ಲ ಒಂದೇ ಬಿಂದುವಿನ ಮೇಲೆ ಬಂದರೆ ಅದು ನಿಜ.

ಸ್ಕ್ರೀನ್ ಮೇಲಿನ ನಂಬರ್ ನಂಬಬಹುದಾ?

ಆ ನಂಬರ್ ಅಂದರೆ ಕೆಳಗಿರುವುದು ಯಾವ ಲೋಹ ಅಂತ ಮೆಷಿನ್ ಮಾಡುವ ಊಹೆ. ಮೇಲಿನ ನಾಲ್ಕೈದು ಇಂಚಿಗೆ ನಂಬಿ. ಅದರ ಕೆಳಗೆ ಕಿವಿಯನ್ನು ನಂಬಿ.

ವಾಪಸ್ ಬಂದ ಸಿಗ್ನಲ್ ಮಣ್ಣಿನ ಸಿಗ್ನಲ್‌ಗಿಂತ ದುರ್ಬಲವಾದಾಗ ಮೆಷಿನ್ ಎರಡನ್ನೂ ಬಿಡಿಸಲು ಕಷ್ಟಪಡುತ್ತದೆ. ಆಗ ನಂಬರ್ ಕುಣಿಯುತ್ತದೆ. ಒಂದು ಬೀಸಿಗೆ 17, ಇನ್ನೊಂದಕ್ಕೆ 24, ಮತ್ತೊಂದಕ್ಕೆ ಕಬ್ಬಿಣದ ಕಡೆ. ಖನಿಜ ಜಾಸ್ತಿ ಇರುವ ಮಣ್ಣಿನಲ್ಲಿ ಒಳ್ಳೆಯ ಬೆಳ್ಳಿಯೂ ಕಬ್ಬಿಣದ ಕಡೆ ಜಾರುತ್ತದೆ. ಕೆಲವು ಸಲ ನಂಬರೇ ಬರಲ್ಲ, ಬರೀ ಸದ್ದು. ನಂಬರ್ ಬರಲಿಲ್ಲ ಅಂತ ಮುಂದೆ ಹೋಗುವವರು ಬಿಟ್ಟುಹೋದ ನಾಣ್ಯಗಳೇ ಹಳೆಯ ಹೊಲಗಳಲ್ಲಿ ಈಗ ಉಳಿದಿರುವುದು.

ಅದು ಮೊಳೆಯೋ ನಾಣ್ಯವೋ ಹೇಗೆ ತಿಳಿಯುವುದು?

ಇದೇ ಅತಿ ಕಷ್ಟದ ಪ್ರಶ್ನೆ. ತುಕ್ಕು ಹಿಡಿದ ಮೊಳೆ ಒಂದು ದಿಕ್ಕಿನಿಂದ ಬೀಸಿದಾಗ ಬೆಳ್ಳಿಯ ಹಾಗೆ ಎತ್ತರದ ಸ್ವರ ಕೊಡುತ್ತದೆ, ಅದೂ ಕ್ಷೀಣವಾಗಿ, ಆಳದಿಂದ ಬಂದ ಹಾಗೆ. ನನ್ನ ಕ್ರಮ ಹೀಗಿದೆ.

ಮೊದಲು ಸದ್ದಿನ ಮೇಲೆ ನಿಂತು ಸಣ್ಣ ಸಣ್ಣ ಬೀಸು. ಆಮೇಲೆ ಕಾಲು ಭಾಗ ಸುತ್ತು ತಿರುಗಿ ಅಡ್ಡದಿಂದ ಬೀಸು. ನಾಣ್ಯ ದುಂಡಗಿರುತ್ತದೆ, ಅದಕ್ಕೆ ಯಾವ ದಿಕ್ಕಾದರೂ ಒಂದೇ. ಮೊಳೆಯಾದರೆ ಸಾಮಾನ್ಯವಾಗಿ ಅಡ್ಡ ಬೀಸಿದ ಕೂಡಲೇ ಎತ್ತರದ ಸ್ವರ ಮಾಯವಾಗಿ ಕಬ್ಬಿಣದ ಗೊರ ಗೊರ ಸದ್ದು ಬರುತ್ತದೆ. ಇಲ್ಲವೇ ಸ್ವರ ಒಂದು ಅಂಗೈ ಆಚೆಗೆ ಸರಿಯುತ್ತದೆ. ನಂತರ ಪಿನ್‌ಪಾಯಿಂಟ್ ಬಟನ್, ಅಂದರೆ ವಸ್ತು ಇರುವ ಬಿಂದು ತೋರಿಸುವ ಬಟನ್, ಒತ್ತಿ. ಸದ್ದು ಕೇಳಿದ ಜಾಗಕ್ಕೂ ಪಿನ್‌ಪಾಯಿಂಟ್ ತೋರಿಸುವ ಜಾಗಕ್ಕೂ ಮೂರು ನಾಲ್ಕು ಇಂಚು ವ್ಯತ್ಯಾಸ ಇದ್ದರೆ ಕಬ್ಬಿಣದ ಅನುಮಾನ ಜಾಸ್ತಿ. ಕೊನೆಗೆ ಡಿಸ್ಕ್ರಿಮಿನೇಷನ್, ಅಂದರೆ ಕಬ್ಬಿಣದಂಥ ಬೇಡದ ಲೋಹದ ಸದ್ದು ಅಡಗಿಸುವ ಸೆಟ್ಟಿಂಗ್, ಪೂರ್ತಿ ತೆಗೆದು ಆಲ್ ಮೆಟಲ್‌ನಲ್ಲಿ ಕೇಳಿ. ಕಬ್ಬಿಣದ ಗೊರ ಗೊರ ಮಧ್ಯದಲ್ಲೇ ಸ್ವರ ಮುಳುಗಿದ್ದರೆ ಮೊಳೆ. ಗೊರ ಗೊರ ಪಕ್ಕದಲ್ಲಿದ್ದು ಸ್ವರ ಬೇರೆಯಾಗಿ ನಿಂತಿದ್ದರೆ, ಮೊಳೆಯ ಪಕ್ಕ ನಾಣ್ಯ ಇರಬಹುದು.

ಇಷ್ಟೆಲ್ಲ ಮಾಡಿಯೂ ಚಪ್ಪಟೆ ಕಬ್ಬಿಣ, ಬಳೆ ಆಕಾರದ ಕಬ್ಬಿಣ, ಹಳೆಯ ಲಾಳ ಇವು ಮೋಸ ಮಾಡುತ್ತವೆ. ಅಗೆದೇ ನೋಡಬೇಕು, ಬೇರೆ ದಾರಿ ಇಲ್ಲ. ಇಲ್ಲಿನ ಹೊಲಗಳಲ್ಲಿ ಕಲ್ಲಿದ್ದಲಿನ ಸುಟ್ಟ ಉಂಡೆಗಳೂ ಸಿಗುತ್ತವೆ. ಅವೂ ಕಬ್ಬಿಣವಲ್ಲದ ಲೋಹದ ಹಾಗೆ ಮೆಲುದನಿ ಕೊಡುತ್ತವೆ.

ದೊಡ್ಡದು ಆಳದಲ್ಲಿದೆಯೋ, ಸಣ್ಣದು ಮೇಲಿದೆಯೋ?

ಕಾಯಿಲನ್ನು ಮೆಲ್ಲಗೆ ಮೇಲೆತ್ತುತ್ತಾ ಬೀಸಿ. ಎರಡು ಮೂರು ಇಂಚು ಎತ್ತಿದ ಕೂಡಲೇ ಮೆಲುದನಿ ಕಾಣೆಯಾದರೆ ಅದು ಆಳದ ಸಣ್ಣ ವಸ್ತು, ಇಲ್ಲವೇ ಮೇಲಿರುವ ತೀರಾ ಸಣ್ಣ ಚೂರು. ಒಂದು ಅಡಿ ಎತ್ತಿದರೂ ಸದ್ದು ಬಿಡದಿದ್ದರೆ ದೊಡ್ಡದು. ಮೇಲಿರುವ ಚೂರು ಚೂಪಾಗಿ, ಕಿರಿದಾಗಿ ಕೇಳಿಸುತ್ತದೆ. ದೊಡ್ಡದು ಆಳದಲ್ಲಿದ್ದರೆ ಒಂದು ಮೊಳ ಅಗಲಕ್ಕೆ ಹರಡಿಕೊಂಡು ಕೇಳಿಸುತ್ತದೆ, ಅಂಚು ಎಲ್ಲಿ ಅಂತ ಹೇಳಲು ಆಗಲ್ಲ.

ಸೆಟ್ಟಿಂಗ್ ಏನಿಡಬೇಕು?

ಮೆಷಿನ್ ಮೆಷಿನ್‌ಗೂ ಬೇರೆ, ಆದರೆ ಸೂತ್ರ ಒಂದೇ. ಸೆನ್ಸಿಟಿವಿಟಿ ಪೂರ್ತಿ ಏರಿಸಿದರೆ ಆಳ ಸಿಗುತ್ತದೆ ಅಂತ ಎಲ್ಲರೂ ಏರಿಸುತ್ತಾರೆ. ಆಗ ಮೆಷಿನ್ ಸುಮ್ನೆ ಪಟಪಟ ಅನ್ನುತ್ತಲೇ ಇರುತ್ತದೆ, ಆ ಗದ್ದಲದಲ್ಲಿ ಮೆಲುದನಿ ಹೂತುಹೋಗುತ್ತದೆ. ಗದ್ದಲ ಶುರುವಾಗುವ ತನಕ ಏರಿಸಿ, ಅಲ್ಲಿಂದ ಎರಡು ಮೆಟ್ಟಿಲು ಇಳಿಸಿ. ಹತ್ತಿರದಲ್ಲಿ ವಿದ್ಯುತ್ ತಂತಿ ಅಥವಾ ಬೇಲಿಗೆ ಕರೆಂಟ್ ಇದ್ದರೆ ಮೊದಲು ಅದರ ಅಡ್ಡಿ ತಗ್ಗಿಸುವ ನಾಯ್ಸ್ ಕ್ಯಾನ್ಸಲ್ ಮಾಡಿ. ಮೊಬೈಲ್ ಏರ್‌ಪ್ಲೇನ್ ಮೋಡ್‌ನಲ್ಲಿರಲಿ.

ಹೊಲಕ್ಕೆ ಹೋದ ಕೂಡಲೇ ಗ್ರೌಂಡ್ ಬ್ಯಾಲೆನ್ಸ್, ಅಂದರೆ ಆ ಮಣ್ಣಿನ ಸದ್ದನ್ನು ಲೆಕ್ಕಕ್ಕೆ ಹಿಡಿಯದ ಹಾಗೆ ಮೆಷಿನ್ ಹೊಂದಿಸುವುದು. ಮಣ್ಣು ಬದಲಾದ ಕಡೆ ಮತ್ತೊಮ್ಮೆ. ಒಂದೇ ಹೊಲದಲ್ಲಿ ಮೇಲಿನ ಕಡೆ ಜೇಡಿ, ಕೆಳಗೆ ಹಳ್ಳದ ಕಡೆ ಮರಳು ಇರುವುದು ಇಲ್ಲಿ ಮಾಮೂಲು.

ರಿಕವರಿ ಸ್ಪೀಡ್ ಅಥವಾ ರಿಆಕ್ಟಿವಿಟಿ ಅಂತ ಒಂದಿದೆ, ಒಂದು ವಸ್ತುವಿನ ಸದ್ದು ಮುಗಿಸಿ ಮುಂದಿನದಕ್ಕೆ ಮೆಷಿನ್ ತಯಾರಾಗುವ ವೇಗ. ಮಿನೆಲ್ಯಾಬ್ ಈಕ್ವಿನಾಕ್ಸ್ 800 ಅನ್ನುವ ಡಿಟೆಕ್ಟರ್‌ನಲ್ಲಿ ಅದು 1ರಿಂದ 8ರ ತನಕ. ಜಾಸ್ತಿ ಇಟ್ಟರೆ ಹತ್ತಿರ ಹತ್ತಿರ ಇರುವ ಎರಡು ವಸ್ತುಗಳನ್ನು ಬಿಡಿಸುತ್ತದೆ, ಆದರೆ ಆಳದ ಮೆಲ್ಲನೆಯ ಏರಿಳಿತ ಕತ್ತರಿಸಿ ಹೋಗುತ್ತದೆ. ಕಬ್ಬಿಣ ಕಡಿಮೆ ಇರುವ ಬಯಲಿನಲ್ಲಿ ಇಳಿಸಿ. ಹಳೆಯ ಮನೆ ಇದ್ದ ಜಾಗದಲ್ಲಿ, ಮೊಳೆಗಳ ರಾಶಿಯಲ್ಲಿ, ಏರಿಸಿ. ಡಿಸ್ಕ್ರಿಮಿನೇಷನ್ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ದೊಡ್ಡ ಕಾಯಿಲ್ ಕೊಂಡರೆ?

ಬಯಲು ಹೊಲದಲ್ಲಿ ಆಳ ಸಿಗುತ್ತದೆ. ಕಸ ಇರುವಲ್ಲಿ ನಾಣ್ಯದ ಜೊತೆ ನಾಲ್ಕು ಮೊಳೆಯನ್ನೂ ಒಟ್ಟಿಗೆ ನೋಡಿ ಗೊಂದಲಕ್ಕೆ ಬೀಳುತ್ತದೆ. 11 ಇಂಚಿನದು ಬಹುತೇಕರಿಗೆ ಸಾಕು.

ಪಲ್ಸ್ ಮೆಷಿನ್ ಇನ್ನೂ ಆಳಕ್ಕೆ ಹೋಗುತ್ತದೆ ಅಂತಾರಲ್ಲ?

ಹೋಗುತ್ತದೆ. ಕಾಯಿಲ್‌ಗೆ ಕರೆಂಟನ್ನು ಒಂದೇ ಸಮನೆ ಹರಿಸದೆ ಮಿಡಿತ ಮಿಡಿತವಾಗಿ ಬಿಡುವ ಮೆಷಿನ್ ಅದು. ಆಸ್ಟ್ರೇಲಿಯಾದ ಕೆಂಪು ಮಣ್ಣಿನಲ್ಲಿ ಚಿನ್ನ ಹುಡುಕುವವರು ಅದನ್ನೇ ಬಳಸುತ್ತಾರೆ. ಆದರೆ ಕಬ್ಬಿಣ ಯಾವುದು, ಬೇರೆ ಯಾವುದು ಅಂತ ಬಿಡಿಸಿ ಹೇಳುವುದರಲ್ಲಿ ಅದು ಹಿಂದೆ. ಶತಮಾನಗಳಿಂದ ಲಾಳ, ಮೊಳೆ ಉದುರಿರುವ ಇಲ್ಲಿನ ಹೊಲದಲ್ಲಿ ಬೆನ್ನು ಬಿದ್ದುಹೋಗುವ ತನಕ ಅಗೆಯಬೇಕಾಗುತ್ತದೆ.

ಹೆಡ್‌ಫೋನ್ ಬೇಕೇ ಬೇಕಾ?

ಬೇಕು. ಸ್ಪೀಕರ್‌ನಲ್ಲಿ ಗಾಳಿ ಸದ್ದಿನ ನಡುವೆ ಮೆಲುದನಿ ಕೇಳಿಸಲ್ಲ.

ಬೀಸುವ ರೀತಿ ಹೇಗಿರಬೇಕು?

ಅಂಗಳ ಸಾರಿಸುವವರ ಕೈ ನೋಡಿದ್ದೀರಲ್ಲ, ಒಂದು ಪಟ್ಟಿಯ ಮೇಲೆ ಅರ್ಧ ಬರುವ ಹಾಗೆ ಇನ್ನೊಂದು ಪಟ್ಟಿ. ಹಾಗೇ ಬೀಸಬೇಕು. ಕಾಯಿಲ್‌ನ ಕೆಳಗಿನ ನೋಟ ಆಳಕ್ಕೆ ಹೋದಷ್ಟೂ ಕಿರಿದಾಗುತ್ತದೆ. ಮೇಲೆ 11 ಇಂಚು ಅಗಲ ಇದ್ದದ್ದು ಆಳದಲ್ಲಿ ಸಣ್ಣ ಪಟ್ಟಿಯಷ್ಟೇ. ಒಂದೊಂದು ಹೆಜ್ಜೆಗೆ ಒಂದು ಬೀಸು ಅಂತ ನಡೆದರೆ ಮೇಲ್ಮಣ್ಣನ್ನು ಪೂರ್ತಿ ನೋಡಿದ ಹಾಗಾಯಿತು, ಆಳವನ್ನು ಅರ್ಧ ಬಿಟ್ಟ ಹಾಗಾಯಿತು. ಕಾಯಿಲ್ ಕೂಳೆಯ ಮೇಲೆ ತೇಲದೆ ನೆಲಕ್ಕೆ ಸವರಿಕೊಂಡಿರಲಿ. ಬೀಸಿನ ಕೊನೆಯಲ್ಲಿ ಕೈ ಮೇಲೇಳುವ ಅಭ್ಯಾಸ ಎಲ್ಲರಿಗೂ ಇರುತ್ತದೆ, ಗಮನಿಸಿ ಬಿಡಿಸಿಕೊಳ್ಳಿ. ವೇಗ ಕಡಿಮೆ ಇರಲಿ, ಆದರೆ ಕಾಯಿಲ್ ನಿಲ್ಲಬಾರದು. ಇಂಥ ಮೆಷಿನ್‌ಗಳಿಗೆ ಚಲನೆ ಇದ್ದರೇ ಸದ್ದು.

ಮಳೆ ಬಂದ ಮೇಲೆ ಹೋಗುವುದು ಒಳ್ಳೆಯದಂತೆ, ನಿಜವಾ?

ನನ್ನ ಅನುಭವದಲ್ಲಿ ನಿಜ. ಒಣಗಿ ಬಿರಿದ ಜೇಡಿಮಣ್ಣಿನಲ್ಲಿ ಆಗಸ್ಟ್‌ನಲ್ಲಿ ಸತ್ತ ಹಾಗಿದ್ದ ಹೊಲ, ಅಕ್ಟೋಬರ್‌ನಲ್ಲಿ ಎರಡು ವಾರ ಮಳೆ ಹೀರಿದ ಮೇಲೆ ಮಾತಾಡಲು ಶುರು ಮಾಡುತ್ತದೆ. ಅಗೆಯಲೂ ಸಲೀಸು. ಉತ್ತು ರೋಲರ್ ಓಡಿಸಿ ಮಣ್ಣು ಕೂತ ಹೊಲ ಇನ್ನೂ ಚೆನ್ನ. ಉತ್ತು ಹಾಗೇ ಬಿಟ್ಟ ದೊಡ್ಡ ಹೆಂಟೆಗಳ ಮೇಲೆ ಕಾಯಿಲ್ ತೇಲುತ್ತದೆ, ಕೆಳಗೆ ಬರೀ ಗಾಳಿ.

ಮನೆಯಲ್ಲೇ ಕಿವಿ ತಯಾರು ಮಾಡಿಕೊಳ್ಳಬಹುದಾ?

ಖಂಡಿತ. ಹಿತ್ತಲಲ್ಲಿ ನಾಲ್ಕು ಗುಂಡಿ ಮಾಡಿ ಒಂದೇ ಥರದ ನಾಣ್ಯಗಳನ್ನು 10, 15, 20, 25 ಸೆಂಟಿಮೀಟರ್ ಆಳಕ್ಕೆ ಮಲಗಿಸಿ ಮುಚ್ಚಿ. ಐದನೆಯದನ್ನು 15ರಲ್ಲಿ ನಿಲ್ಲಿಸಿ ಹೂತಿಡಿ, ಅಂಚಿನ ಮೇಲೆ ನಿಂತ ನಾಣ್ಯ ಎಷ್ಟು ಬಡವಾಗಿ ಕೇಳಿಸುತ್ತದೆ ಅಂತ ಗೊತ್ತಾಗಲಿ. ಪಕ್ಕದಲ್ಲಿ ಒಂದು ತುಕ್ಕು ಮೊಳೆ. ದಿನಾ ಹತ್ತು ನಿಮಿಷ ಕಣ್ಣು ಮುಚ್ಚಿ ಬೀಸಿ. ಈಗಷ್ಟೇ ಕದಡಿದ ಮಣ್ಣು ಶತಮಾನ ಕೂತ ಮಣ್ಣಿನ ಹಾಗೆ ವರ್ತಿಸಲ್ಲ, ಆದರೂ ಕಿವಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಕೈಯಲ್ಲಿ ನಾಣ್ಯ ಹಿಡಿದು ಗಾಳಿಯಲ್ಲಿ ಆಡಿಸಿ ನೋಡುವ ಪರೀಕ್ಷೆಯನ್ನು ಮಾತ್ರ ಆಳದ ಅಳತೆ ಅಂತ ತಗೋಬೇಡಿ.

ಸಿಗ್ನಲ್ ಖಾತ್ರಿಯಾಯಿತು. ಹೇಗೆ ಅಗೆಯಬೇಕು?

ಅಗಲವಾಗಿ. ಇದನ್ನು ನಾನು ಬೆಲೆ ತೆತ್ತು ಕಲಿತೆ. ಎರಡನೇ ವರ್ಷ, ನವೆಂಬರ್ ತಿಂಗಳು, ಒಂದು ಇಳಿಜಾರು ಹೊಲ. ಕ್ಷೀಣವಾದ, ಆದರೆ ನಾಲ್ಕೂ ದಿಕ್ಕಿನಿಂದ ಬರುವ ಸ್ವರ. ಆಳದ ಸಿಗ್ನಲ್‌ನಲ್ಲಿ ಪಿನ್‌ಪಾಯಿಂಟ್ ಒಂದೆರಡು ಇಂಚು ಆಚೀಚೆ ಇರುತ್ತದೆ ಅನ್ನುವುದು ಆಗ ಗೊತ್ತಿರಲಿಲ್ಲ. ತೋರಿಸಿದ ಬಿಂದುವಿನ ಪಕ್ಕದಲ್ಲೇ ಸಲಿಕೆ ಇಟ್ಟು ಕಾಲಲ್ಲಿ ಒತ್ತಿದೆ. ಗರ್ ಅಂದ ಸದ್ದು ಸಲಿಕೆಯ ಕಾವಿನ ಮೂಲಕ ಅಂಗೈಗೆ ಬಂತು. ಮಣ್ಣಿನಿಂದ ಎದ್ದದ್ದು ಹಸಿರು ಕಟ್ಟಿದ ಒಂದು ರೋಮನ್ ಬಟ್ಟೆಪಿನ್, ಕಂಚಿನದು, ಮಧ್ಯಕ್ಕೆ ಎರಡಾಗಿ. ಮುರಿದ ಕಡೆ ಲೋಹ ಹೊಸದಾಗಿ ಹೊಳೆಯುತ್ತಿತ್ತು. ಅಷ್ಟು ವರ್ಷ ನೇಗಿಲು, ಟ್ರ್ಯಾಕ್ಟರ್ ತಪ್ಪಿಸಿಕೊಂಡು ಉಳಿದದ್ದನ್ನು ನಾನು ಮುರಿದೆ. ಆ ಹೊಳಪು ಈಗಲೂ ಕಣ್ಣಿಗೆ ಕಟ್ಟಿದೆ.

ಈಗ ಬಿಂದುವಿನಿಂದ ಒಂದು ಗೇಣು ಬಿಟ್ಟು ಸುತ್ತ ಕತ್ತರಿಸುತ್ತೇನೆ. ಮಣ್ಣಿನ ಗಟ್ಟಿ ಎತ್ತಿ ಪಕ್ಕಕ್ಕಿಟ್ಟು, ಮೊದಲು ಗುಂಡಿಯ ಮೇಲೆ, ಆಮೇಲೆ ಗಟ್ಟಿಯ ಮೇಲೆ ಕಾಯಿಲ್ ಆಡಿಸುತ್ತೇನೆ. ಗುಂಡಿಯಲ್ಲೇ ಇದ್ದು, ಮೇಲಿನ ಮಣ್ಣು ಹೋದ ಕೂಡಲೇ ಸ್ವರ ಗಟ್ಟಿಯಾಗಿ, ನಂಬರ್ ಒಂದು ಕಡೆ ನಿಂತರೆ, ಅದು ನಿಜವಾದ ಆಳದ ವಸ್ತು. ಮಣ್ಣು ಹೋದ ಮೇಲೆ ಸ್ವರ ಕೆಟ್ಟು ಕಬ್ಬಿಣದ ಕಡೆ ಜಾರಿದರೆ ಮೊಳೆ. ಕೈಯಲ್ಲಿ ಹಿಡಿಯುವ ಪಿನ್‌ಪಾಯಿಂಟರ್ ಕೆಲವೇ ಇಂಚಿಗೆ ಕೆಲಸ ಮಾಡುತ್ತದೆ, ಅದು ಸುಮ್ಮನಿದೆ ಅಂತ ಗುಂಡಿ ಮುಚ್ಚಬೇಡಿ.

ಎಷ್ಟು ಆಳದ ತನಕ ಅಗೆಯಬಹುದು?

ನೇಗಿಲು ಇಳಿಯುವ ತನಕ, ಅದರ ಕೆಳಗೆ ಬೇಡ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜವಾಬ್ದಾರಿಯುತ ಡಿಟೆಕ್ಟಿಂಗ್‌ಗೆ ಇರುವ ನೀತಿ ಸಂಹಿತೆಯೂ ಇದನ್ನೇ ಹೇಳುತ್ತದೆ. ಉತ್ತ ಮಣ್ಣಿನಲ್ಲಿರುವ ವಸ್ತು ಈಗಾಗಲೇ ಜಾಗ ಬಿಟ್ಟಿದೆ. ಅದರ ಕೆಳಗೆ ಮಣ್ಣಿನ ಬಣ್ಣ ಬದಲಾಗುತ್ತದೆ, ಸಲಿಕೆಗೆ ಗಟ್ಟಿ ತಾಗುತ್ತದೆ. ಅಲ್ಲಿ ಇಟ್ಟದ್ದು ಇಟ್ಟ ಹಾಗೇ ಇದೆ. ಯಾವುದರ ಪಕ್ಕ ಯಾವುದಿತ್ತು ಅನ್ನುವುದೇ ಅಲ್ಲಿ ಇತಿಹಾಸ. ಅದನ್ನು ಒಮ್ಮೆ ಕದಡಿದರೆ ಮುಗಿಯಿತು.

2010ರ ಏಪ್ರಿಲ್‌ನಲ್ಲಿ ಸಾಮರ್‌ಸೆಟ್‌ನ ಫ್ರೋಮ್ ಹತ್ತಿರ ಡೇವ್ ಕ್ರಿಸ್ಪ್ ಅವರಿಗೆ ಒಂದು ವಿಚಿತ್ರ ಸಿಗ್ನಲ್ ಸಿಕ್ಕಿತು. ಸುಮಾರು ಒಂದು ಅಡಿ ಅಗೆದಾಗ ಸಣ್ಣ ರೋಮನ್ ನಾಣ್ಯಗಳು, ಆಮೇಲೆ ಮಡಕೆಯ ಬಾಯಿ. ಅವರು ಅಲ್ಲಿಗೇ ಕೈ ತೆಗೆದು, ಗುಂಡಿ ಮುಚ್ಚಿ, ಅಧಿಕಾರಿಗಳಿಗೆ ತಿಳಿಸಿದರು. ಪುರಾತತ್ವ ತಜ್ಞರು ಬಂದು ಮಡಕೆಯನ್ನು ಪದರ ಪದರವಾಗಿ ಬಿಡಿಸಿದರು. 52,503 ನಾಣ್ಯ, ಒಟ್ಟು ತೂಕ ಸುಮಾರು 160 ಕಿಲೋ. ಪದರಗಳನ್ನು ಬೇರೆ ಬೇರೆ ಇಟ್ಟಿದ್ದರಿಂದಲೇ ಒಂದು ವಿಷಯ ತಿಳಿಯಿತು. ಅವುಗಳಲ್ಲಿ ಕೊನೆಯ ಕಾಲದ, ಬ್ರಿಟನ್ನಿನಲ್ಲಿ ತಾನೇ ಚಕ್ರವರ್ತಿ ಅಂತ ಘೋಷಿಸಿಕೊಂಡ ಕರೌಸಿಯಸ್‌ನ ನಾಣ್ಯಗಳಲ್ಲಿ ಬಹುಪಾಲು ಮಡಕೆಯ ಮೇಲ್ಭಾಗದಲ್ಲಿ ಇರಲಿಲ್ಲ, ಕೆಳಗಿದ್ದವು. ಅಂದರೆ ಹುಂಡಿಯ ಹಾಗೆ ವರ್ಷಗಟ್ಟಲೆ ಹಾಕುತ್ತಾ ಬಂದದ್ದಲ್ಲ, ಒಟ್ಟಿಗೇ ತುಂಬಿ ಹೂತದ್ದು. ಕ್ರಿಸ್ಪ್ ಅವರು ಆಸೆಗೆ ಬಿದ್ದು ಕೈ ಹಾಕಿ ಬಾಚಿದ್ದರೆ ನಾಣ್ಯಗಳೇನೋ ಅಷ್ಟೇ ಸಿಗುತ್ತಿದ್ದವು, ಈ ಮಾತು ಮಾತ್ರ ಸಿಗುತ್ತಿರಲಿಲ್ಲ.

ತುಂಬ ದೊಡ್ಡ, ಅಗಲದ ಸಿಗ್ನಲ್ ಬಂದರೆ?

ಉದ್ದಕ್ಕೆ ಹಿಂಬಾಲಿಸಿ. ಗೆರೆಯ ಹಾಗೆ ಹೋಗುತ್ತಲೇ ಇದ್ದರೆ ಪೈಪ್ ಅಥವಾ ಕೇಬಲ್, ಅಗೆಯಬೇಡಿ. ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಎರಡನೇ ಮಹಾಯುದ್ಧದ ವಿಮಾನ ನಿಲ್ದಾಣಗಳು ಬಹಳ ಇದ್ದವು, ಸಿಡಿಯದ ಮದ್ದುಗುಂಡು ಈಗಲೂ ಸಿಗುತ್ತದೆ. ಶೆಲ್‌ನ ಆಕಾರ ಕಂಡರೆ ಮುಟ್ಟದೆ ದೂರ ಹೋಗಿ 999ಕ್ಕೆ ಫೋನ್ ಮಾಡಿ.

ಸಿಕ್ಕಿದ್ದು ನನ್ನದಾ?

ಇಂಗ್ಲೆಂಡ್, ವೇಲ್ಸ್‌ನಲ್ಲಿ 1996ರ ಟ್ರೆಷರ್ (ನಿಧಿ) ಕಾಯ್ದೆ ಇದೆ. 300 ವರ್ಷಕ್ಕಿಂತ ಹಳೆಯದಾಗಿ ಶೇಕಡಾ 10ರಷ್ಟಾದರೂ ಚಿನ್ನ, ಬೆಳ್ಳಿ ಇರುವ ವಸ್ತು, ಒಟ್ಟಿಗೆ ಸಿಕ್ಕ ಅಂಥ ಎರಡು ನಾಣ್ಯ, ಇಂಥವು ಟ್ರೆಷರ್. 14 ದಿನದೊಳಗೆ ಕೊರೊನರ್‌ಗೆ, ಅಂದರೆ ಇಂಥದ್ದನ್ನು ವಿಚಾರಣೆ ಮಾಡುವ ಅಧಿಕಾರಿಗೆ, ತಿಳಿಸಬೇಕು. ಸಾಮಾನ್ಯವಾಗಿ ಆ ಪ್ರಾಂತ್ಯದ ಫೈಂಡ್ಸ್ ಲಯಾಸನ್ ಆಫೀಸರ್, ಅಂದರೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಅಧಿಕಾರಿಯ ಮೂಲಕ. ಒಂಟಿ ನಾಣ್ಯ ಸಾಮಾನ್ಯವಾಗಿ ಟ್ರೆಷರ್ ಅಲ್ಲ, ಆದರೂ ದಾಖಲಿಸಿ. ಆಗ ಹಿಡಿದಿಟ್ಟ ಆಳ ಮತ್ತು ಜಾಗ ಬೇಕಾಗುತ್ತದೆ. ಸ್ಕಾಟ್ಲೆಂಡ್‌ನಲ್ಲಿ ನಿಯಮ ಬೇರೆ. ರಕ್ಷಿತ ಸ್ಮಾರಕದ ಜಾಗದಲ್ಲಿ ಪರವಾನಗಿ ಇಲ್ಲದೆ ಡಿಟೆಕ್ಟರ್ ಆನ್ ಮಾಡುವುದೇ ಅಪರಾಧ.

ಊರಿಗೆ ಬಂದಾಗ ಕರ್ನಾಟಕದಲ್ಲಿ ಮಾಡಬಹುದಾ?

ಹಳೆಯ ಜಾಗಗಳಲ್ಲಿ ಬೇಡ. ಇದನ್ನು ಕೈಮುಗಿದು ಹೇಳುತ್ತೇನೆ. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿ ಸಿಕ್ಕದ್ದು 10 ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಸರ್ಕಾರಕ್ಕೆ ತಿಳಿಸಲೇಬೇಕು. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯೂ ಇದೆ. ಸಂರಕ್ಷಿತ ಸ್ಮಾರಕಗಳಲ್ಲಿ ಅಗೆಯುವುದು ಅಪರಾಧ. ಕಾನೂನು ಪಕ್ಕಕ್ಕಿಡಿ. ನಿಧಿಯ ಆಸೆಗೆ ಗರ್ಭಗುಡಿಯ ನೆಲ ಕಿತ್ತು, ವೀರಗಲ್ಲು ಉರುಳಿಸಿ ಹೋದ ಗುಂಡಿಗಳನ್ನು ನಮ್ಮ ಕಡೆ ಯಾರು ನೋಡಿಲ್ಲ? ನಮ್ಮೂರಿನ ಹಳೆಯ ಗುಡಿಯ ಹಿಂದೆಯೂ ಒಂದಿದೆ. ಇಲ್ಲಿನ ಹಾಗೆ ಸಿಕ್ಕಿದ್ದನ್ನು ತಂದು ತೋರಿಸಿ ದಾಖಲಿಸುವ ವ್ಯವಸ್ಥೆ ಅಲ್ಲಿಲ್ಲ. ನಿಮ್ಮದೇ ಅಂಗಳದಲ್ಲಿ ಅತ್ತಿಗೆಯ ಓಲೆ ಬಿದ್ದಿದ್ದರೆ ಹುಡುಕಿಕೊಡಿ, ಅಷ್ಟು ಸಾಕು.

ಸ್ವರ ಚೆನ್ನಾಗಿತ್ತು, ಅಗೆದೆ, ಏನೂ ಇಲ್ಲ. ಎಲ್ಲಿ ಹೋಯಿತು?

ಮೊದಲು ಎತ್ತಿ ಹಾಕಿದ ಮಣ್ಣು ನೋಡಿ, ಹತ್ತರಲ್ಲಿ ಆರು ಸಲ ಅಲ್ಲಿರುತ್ತದೆ. ಅಗೆಯುವಾಗ ನಾಣ್ಯ ಮಗ್ಗುಲಾಗಿ ನಿಂತಿರಬಹುದು, ಗುಂಡಿಯ ಗೋಡೆಯಲ್ಲಿ ಕೂತಿರಬಹುದು, ಪಿನ್‌ಪಾಯಿಂಟರ್‌ನಿಂದ ಗೋಡೆಯನ್ನೂ ತಡವಿ. ಕೊಳೆತ ಕಬ್ಬಿಣವಾಗಿದ್ದರೆ ಸುತ್ತಲ ಮಣ್ಣೇ ತುಕ್ಕು ಹೀರಿ ಸದ್ದು ಮಾಡುತ್ತಿತ್ತು, ನೀವು ಕದಡಿದ ಕೂಡಲೇ ಅದು ಹೋಯಿತು. ಆಗ ಮಣ್ಣಿನಲ್ಲಿ ಕೆಂಚು ಬಣ್ಣದ ಕಲೆ ಕಾಣುತ್ತದೆ. ಇದ್ಯಾವುದೂ ಅಲ್ಲದೆ, ನೇಗಿಲ ತಳ ಮುಟ್ಟಿದ ಮೇಲೂ ಸ್ವರ ಇನ್ನೂ ಕೆಳಗಿನಿಂದಲೇ ಬರುತ್ತಿದ್ದರೆ, ಮುಚ್ಚಿಬಿಡಿ. ಮಣ್ಣು ತುಂಬಿ, ಕಾಲಲ್ಲಿ ತುಳಿದು, ಫೋನಿನಲ್ಲಿ ಜಾಗ ಗುರುತು ಹಾಕಿಕೊಂಡು, ಹೊಲದವರಿಗೂ ಲಯಾಸನ್ ಆಫೀಸರ್‌ಗೂ ಒಂದು ಮಾತು ತಿಳಿಸಿ. ನನ್ನ ಫೋನಿನಲ್ಲಿ ಅಂಥ ಎರಡು ಗುರುತುಗಳಿವೆ. ಒಂದನ್ನು ಬಂದು ನೋಡುತ್ತೇವೆ ಅಂದಿದ್ದಾರೆ, ಮುಂದಿನ ಕೊಯ್ಲು ಆದ ಮೇಲೆ.